ಸಿದ್ಧತೆಯೇ ರಕ್ಷೆ

ಬಾಯಾರಿದಾಗ ಬಾವಿ ತೋಡಲು ಹೊರಟವನ ಗಾದೆಯನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ನೀರಡಿಕೆಯ ವಿಷಯದಲ್ಲಿ ಈ ಗಾದೆ ಎಷ್ಟು ನಿಜವೋ ಆಪತ್ತಿನ ವಿಷಯದಲ್ಲಿಯೂ ಅಷ್ಟೇ ನಿಜ. ಪ್ರವಾಹ, ಚಂಡಮಾರುತ, ಕ್ಷಾಮ ಮುಂತಾದ ಪ್ರಕೃತಿಯ ವಿಕೋಪಗಳು ಬಹುಮಟ್ಟಿಗೆ ಸೂಚನೆ ಕೊಟ್ಟು ಬರುತ್ತವೆ. ಮೋಡ ಕವಿಯುತ್ತದೆ, ಹೊಳೆ ಏರುತ್ತದೆ, ಹವಾಮಾನ ಇಲಾಖೆ ಎಚ್ಚರಿಸುತ್ತದೆ. ಮನುಷ್ಯನೇ ಮನುಷ್ಯನ ಮೇಲೆ ತಂದೊಡ್ಡುವ ಆಪತ್ತು ಹಾಗಲ್ಲ. ಜನನಿಬಿಡವಾದ ಬೀದಿಯಲ್ಲಿಯೋ ರೈಲು ನಿಲ್ದಾಣದಲ್ಲಿಯೋ ಯಾರೋ ಇಟ್ಟುಹೋದ ಬಾಂಬು ಸಿಡಿಯುವ ಕ್ಷಣದವರೆಗೂ ಲೋಕವ್ಯಾಪಾರವು ಎಂದಿನಂತೆ ನಡೆಯುತ್ತಿರುತ್ತದೆ. ಮರುಕ್ಷಣದಲ್ಲಿ ಹತ್ತಾರು, ನೂರಾರು ಜನರು ನೆಲಕ್ಕುರುಳಿರುತ್ತಾರೆ. ಅವರಲ್ಲಿ ಎಷ್ಟು ಮಂದಿ ಬದುಕುವರು ಎಂಬುದನ್ನು ನಿರ್ಧರಿಸುವುದು ಆ ಕ್ಷಣದ ಧೈರ್ಯ ಮಾತ್ರವಲ್ಲ. ಅದಕ್ಕೆ ಎಷ್ಟೋ ವರ್ಷಗಳ ಹಿಂದೆ ಶಾಂತಿಯ ದಿನಗಳಲ್ಲಿ ಮಾಡಿಟ್ಟ ಸಿದ್ಧತೆ.

ಬಾಂಬಿನ ಸ್ಫೋಟವು ಇತರ ಅಪಘಾತಗಳಿಗಿಂತ ಹಲವು ಬಗೆಯಲ್ಲಿ ಭಿನ್ನವಾದುದು. ಮೊದಲನೆಯದಾಗಿ, ಗಾಯಾಳುಗಳೆಲ್ಲರೂ ಒಂದೇ ಕ್ಷಣದಲ್ಲಿ, ಒಂದೇ ಸ್ಥಳದಲ್ಲಿ ಉಂಟಾಗುತ್ತಾರೆ. ತೀವ್ರ ರಕ್ತಸ್ರಾವವಾದವರು ಕೆಲವೇ ನಿಮಿಷಗಳಲ್ಲಿ ಪ್ರಾಣಬಿಡಬಹುದು. ಎರಡನೆಯದಾಗಿ, ನೆರವಿಗೆ ಧಾವಿಸಿದವರಿಗೂ ಅಪಾಯ ತಪ್ಪಿದ್ದಲ್ಲ. ಇನ್ನೊಂದು ಬಾಂಬು ಅಡಗಿರಬಹುದು, ಬಿರುಕುಬಿಟ್ಟ ಕಟ್ಟಡ ಕುಸಿಯಬಹುದು. ಮೂರನೆಯದಾಗಿ, ಆ ಸ್ಥಳವು ಏಕಕಾಲದಲ್ಲಿ ಚಿಕಿತ್ಸೆಯ ನೆಲೆಯೂ ಅಪರಾಧ ನಡೆದ ತಾಣವೂ ಆಗಿರುತ್ತದೆ. ವೈದ್ಯನಿಗೆ ಪ್ರಾಣ ಮುಖ್ಯ, ಅಗ್ನಿಶಾಮಕನಿಗೆ ಬೆಂಕಿ ಮುಖ್ಯ, ತನಿಖೆಯ ಅಧಿಕಾರಿಗೆ ಸಾಕ್ಷ್ಯ ಮುಖ್ಯ. ಇವರೆಲ್ಲರೂ ಒಬ್ಬರಿಗೊಬ್ಬರು ಅಡ್ಡಿಯಾಗದೆ ದುಡಿಯಬೇಕು. ಕೊನೆಯದಾಗಿ, ಸ್ಫೋಟದ ಗುರಿ ಅಲ್ಲಿ ನಿಂತಿದ್ದ ಜನರಷ್ಟೇ ಅಲ್ಲ, ಇಡೀ ನಾಡಿನ ಮನಸ್ಸು. ಭಯವನ್ನೂ ಪರಸ್ಪರ ಸಂಶಯವನ್ನೂ ಹರಡುವುದೇ ಭಯೋತ್ಪಾದಕನ ಉದ್ದೇಶ.

ಇಂತಹ ಸಂಕಟವನ್ನು ಒಂದು ಊರು ತಾನೊಂದೇ ಎದುರಿಸಲಾರದು. ಒಂದು ಪಟ್ಟಣದಲ್ಲಿ ಇರುವ ಆಂಬುಲೆನ್ಸುಗಳೆಷ್ಟು? ಅದರ ಆಸ್ಪತ್ರೆಯಲ್ಲಿ ಏಕಕಾಲಕ್ಕೆ ಶಸ್ತ್ರಚಿಕಿತ್ಸೆ ನಡೆಸಬಲ್ಲ ಕೊಠಡಿಗಳೆಷ್ಟು? ರಕ್ತನಿಧಿಯಲ್ಲಿ ಸಂಗ್ರಹವೆಷ್ಟು? ದಿನನಿತ್ಯದ ಅಗತ್ಯಕ್ಕೆ ಸಾಲುವ ಈ ಸಾಧನಗಳು ನೂರು ಮಂದಿ ಗಾಯಾಳುಗಳು ಒಟ್ಟಿಗೆ ಬಂದಾಗ ಸಾಲುವುದಿಲ್ಲ. ನೆರೆಯ ಊರುಗಳು ನೆರವಾಗಲೇಬೇಕು. ನೆರವು ಬರುವುದು ಹೇಗೆ, ಯಾರ ಅಪ್ಪಣೆಯಂತೆ ದುಡಿಯುವುದು, ಯಾವ ಗಾಯಾಳು ಯಾವ ಆಸ್ಪತ್ರೆಗೆ ಎಂಬುದನ್ನೆಲ್ಲ ಮುಂಚಿತವಾಗಿ ಒಪ್ಪಂದ ಮಾಡಿಕೊಂಡಿರುವುದಕ್ಕೆ ಪ್ರಾದೇಶಿಕ ಆಪತ್ಕಾಲೀನ ಯೋಜನೆ ಎಂದು ಹೆಸರು. ಈ ಯೋಜನೆಯ ಹಿಂದಿನ ತತ್ತ್ವಗಳು ಒಂದೇ ದಿನದಲ್ಲಿ ಹುಟ್ಟಿದವಲ್ಲ. ಒಂದೊಂದು ತತ್ತ್ವದ ಹಿಂದೆಯೂ ಒಂದೊಂದು ದುರಂತದ ಪಾಠವಿದೆ.

ಮೊದಲ ಪಾಠವನ್ನು ಕಲಿಸಿದುದು ಬಾಂಬಲ್ಲ, ಕಾಡ್ಗಿಚ್ಚು. 1970ರ ಶರತ್ಕಾಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹದಿಮೂರು ದಿನಗಳ ಕಾಲ ಉರಿದ ಬೆಂಕಿಗೆ 16 ಜನರು ಬಲಿಯಾದರು. 700ಕ್ಕೂ ಹೆಚ್ಚು ಕಟ್ಟಡಗಳು ಭಸ್ಮವಾದವು. ಬೆಂಕಿ ಆರಿಸಲು ಬಂದ ದಳಗಳಿಗೆ ಶೌರ್ಯದ ಕೊರತೆಯಿರಲಿಲ್ಲ. ಕೊರತೆಯಿದ್ದುದು ಹೊಂದಾಣಿಕೆಯಲ್ಲಿ. ಒಂದೊಂದು ಇಲಾಖೆಯ ಪರಿಭಾಷೆ ಒಂದೊಂದು ಬಗೆ. ಒಂದರ ನಿಸ್ತಂತು ಯಂತ್ರದ ಮಾತು ಇನ್ನೊಂದಕ್ಕೆ ಕೇಳಿಸದು. ಯಾರು ಯಾರಿಗೆ ಆಜ್ಞೆ ಮಾಡಬೇಕೆಂಬುದು ಸ್ಪಷ್ಟವಿಲ್ಲ. ಈ ಅನುಭವದಿಂದ ಅಲ್ಲಿನವರು ಹೊಸದೊಂದು ವ್ಯವಸ್ಥೆಯನ್ನು ರೂಪಿಸಿದರು. ಘಟನಾಸ್ಥಳದಲ್ಲಿ ಒಬ್ಬನೇ ಮುಖ್ಯಾಧಿಕಾರಿ. ಅವನ ಕೈಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು, ಹಣಕಾಸು ಎಂಬ ವಿಭಾಗಗಳು. ಎಲ್ಲರಿಗೂ ಒಂದೇ ಪರಿಭಾಷೆ. ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಧಿಕಾರಿ. ಯಾವ ಊರಿನಿಂದ ಯಾವ ದಳ ಬಂದರೂ ಈ ಚೌಕಟ್ಟಿನಲ್ಲಿ ತನ್ನ ಸ್ಥಾನವನ್ನು ತಾನೇ ಅರಿತುಕೊಳ್ಳಬಲ್ಲದು. ಮುಂದೆ ಈ ಕ್ರಮವು ಬೆಂಕಿಗೆ ಮಾತ್ರವಲ್ಲದೆ ಎಲ್ಲ ಬಗೆಯ ಆಪತ್ತುಗಳಿಗೂ ಅನ್ವಯವಾಯಿತು.

ಎರಡನೆಯ ಪಾಠವು ಅದೇ ದೇಶದ ಓಕ್ಲಹೋಮ ಸಿಟಿ ಎಂಬ ನಗರದಿಂದ ಬಂದಿತು. 1995ರ ಏಪ್ರಿಲ್ 19ರ ಬೆಳಗ್ಗೆ 9 ಗಂಟೆ 2 ನಿಮಿಷಕ್ಕೆ ಅಲ್ಲಿಯ ಒಂಬತ್ತು ಅಂತಸ್ತಿನ ಸರ್ಕಾರಿ ಕಟ್ಟಡವೊಂದರ ಮುಂದೆ ನಿಲ್ಲಿಸಿದ್ದ ಲಾರಿಯಲ್ಲಿ ಬಾಂಬು ಸಿಡಿಯಿತು. 168 ಜನರು ಮೃತರಾದರು. ಅವರಲ್ಲಿ 19 ಮಂದಿ ಮಕ್ಕಳು. ಇದನ್ನು ಎಸಗಿದವನು ಹೊರನಾಡಿನ ಶತ್ರುವಲ್ಲ, ಆ ದೇಶದ್ದೇ ಒಬ್ಬ ಮಾಜಿ ಸೈನಿಕ. ಅಂದು ನಗರದ ಜನತೆ ತೋರಿದ ಔದಾರ್ಯ ಅಪಾರವಾದುದು. ಆದರೆ ಔದಾರ್ಯವೂ ಕ್ರಮವನ್ನು ಬೇಡುತ್ತದೆ ಎಂಬುದು ಆಗ ತಿಳಿಯಿತು. ನೆರವಾಗಲೆಂದು ಕಟ್ಟಡವನ್ನು ಹೊಕ್ಕ ದಾದಿಯೊಬ್ಬಳು ತಲೆಗೆ ಪೆಟ್ಟುಬಿದ್ದು ಕೆಲವು ದಿನಗಳ ತರುವಾಯ ತೀರಿಕೊಂಡಳು. ಸ್ಫೋಟವಾದ ಸುಮಾರು ಒಂದೂವರೆ ಗಂಟೆಯ ಬಳಿಕ ಮತ್ತೊಂದು ಬಾಂಬು ಇರಬಹುದೆಂಬ ಶಂಕೆ ಹುಟ್ಟಿ, ಅವಶೇಷಗಳಡಿ ಸಿಲುಕಿದವರನ್ನು ಅಲ್ಲಿಯೇ ಬಿಟ್ಟು ರಕ್ಷಕರೆಲ್ಲರೂ ಹೊರಬರಬೇಕಾಯಿತು. ಶಂಕೆ ನಿರಾಧಾರವೆಂದು ತಿಳಿದ ಮೇಲೆ ಕೆಲಸ ಮತ್ತೆ ಸಾಗಿತು. ರಕ್ಷಕನ ಸುರಕ್ಷತೆಯೂ ಯೋಜನೆಯ ಭಾಗವೇ ಎಂಬುದು ಇದರಿಂದ ಸ್ಪಷ್ಟವಾಯಿತು. ಅಂದಿನ ಕಾರ್ಯದಲ್ಲಿ ಮೆಚ್ಚತಕ್ಕ ಅಂಶವೂ ಒಂದುಂಟು: ಶೋಧನೆ ಮತ್ತು ರಕ್ಷಣೆಯ ಹೊಣೆ ನಗರದ ಅಗ್ನಿಶಾಮಕ ದಳದ್ದು, ಅಪರಾಧದ ತನಿಖೆ ಕೇಂದ್ರದ ತನಿಖಾ ಸಂಸ್ಥೆಯದು ಎಂದು ಕೆಲಸವನ್ನು ಹಂಚಿಕೊಂಡುದರಿಂದ ಒಳಜಗಳಕ್ಕೆ ಆಸ್ಪದವಾಗಲಿಲ್ಲ.

ಯೂರೋಪಿನ ಎರಡು ರಾಜಧಾನಿಗಳೂ ಇಂತಹುದೇ ಪಾಠಗಳನ್ನು ಕಲಿತವು. 2004ರ ಮಾರ್ಚ್ 11ರಂದು ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ ನಾಲ್ಕು ರೈಲುಗಳಲ್ಲಿ ಹತ್ತು ಬಾಂಬುಗಳು ಸಿಡಿದಾಗ, ಒಂದೇ ಆಸ್ಪತ್ರೆಗೆ ಕೆಲವೇ ಗಂಟೆಗಳಲ್ಲಿ 250ಕ್ಕೂ ಹೆಚ್ಚು ಗಾಯಾಳುಗಳು ಬಂದು ಸೇರಿದರು. ಎಲ್ಲರನ್ನೂ ಹತ್ತಿರದ ಆಸ್ಪತ್ರೆಗೆ ಒಯ್ಯುವುದು ಸಹಜ ಪ್ರವೃತ್ತಿ. ಆದರೆ ಅದರಿಂದ ಸಮೀಪದ ಆಸ್ಪತ್ರೆಯ ಹೊರೆ ಮಿತಿಮೀರುತ್ತದೆ, ದೂರದ ಆಸ್ಪತ್ರೆಯ ವೈದ್ಯರು ಕಾಯುತ್ತ ಕುಳಿತಿರುತ್ತಾರೆ. 2005ರ ಜುಲೈ 7ರಂದು ಲಂಡನ್ನಿನಲ್ಲಿ ಮೂರು ಸುರಂಗ ರೈಲುಗಳಲ್ಲಿಯೂ ಒಂದು ಬಸ್ಸಿನಲ್ಲಿಯೂ ಸ್ಫೋಟಗಳಾಗಿ 52 ಜನರು ಮಡಿದರು. ಅಲ್ಲಿ ನೆಲದಡಿಯಲ್ಲಿದ್ದ ರಕ್ಷಕರ ನಿಸ್ತಂತು ಯಂತ್ರಗಳು ಮೇಲಿನವರನ್ನು ಮುಟ್ಟದೆ, ಸಂದೇಶವನ್ನು ಹೊತ್ತು ಮನುಷ್ಯರೇ ಓಡಬೇಕಾಯಿತು. ಮಾತು ಕಡಿದಲ್ಲಿ ಯೋಜನೆ ಕಡಿಯುತ್ತದೆ ಎಂಬುದು ಲಂಡನ್ನಿನ ಪಾಠ.

ಈ ಪಾಠಗಳನ್ನೆಲ್ಲ ಶ್ರದ್ಧೆಯಿಂದ ಕಲಿತ ಪ್ರದೇಶವೊಂದು ಪರೀಕ್ಷೆಗೆ ಒಳಗಾದುದು 2013ರಲ್ಲಿ. ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಬಾಸ್ಟನ್ ನಗರದ ಮ್ಯಾರಥಾನ್ ಓಟ 1897ರಲ್ಲಿ ಆರಂಭವಾದುದು. ನಲವತ್ತೆರಡು ಕಿಲೋಮೀಟರಿಗೂ ಮಿಗಿಲಾದ ಓಟದ ದಾರಿ ಹಾಪ್ಕಿಂಟನ್ ಎಂಬ ಸಣ್ಣ ಊರಿನಲ್ಲಿ ಮೊದಲಾಗಿ, ಎಂಟು ಊರುಗಳನ್ನು ಹಾದು ಬಾಸ್ಟನ್ನಿನ ನಡುಭಾಗದಲ್ಲಿ ಮುಗಿಯುತ್ತದೆ. ಎಂಟು ಊರುಗಳಿಗೆ ಎಂಟು ಪೊಲೀಸ್ ದಳಗಳು, ಎಂಟು ಅಗ್ನಿಶಾಮಕ ದಳಗಳು. ಆದಕಾರಣ ಓಟವನ್ನು ಸುಸೂತ್ರವಾಗಿ ನಡೆಸಬೇಕಾದರೆ ಈ ಊರುಗಳ ಅಧಿಕಾರಿಗಳು ಪ್ರತಿವರ್ಷವೂ ತಿಂಗಳುಗಳ ಮೊದಲೇ ಒಂದೆಡೆ ಕುಳಿತು ಚರ್ಚಿಸಬೇಕಾಗಿತ್ತು. ಓಟದ ದಿನ ಎಲ್ಲ ಊರುಗಳ ಹಾಗೂ ರಾಜ್ಯದ ಇಲಾಖೆಗಳ ಪ್ರತಿನಿಧಿಗಳು ಫ್ರೇಮಿಂಗ್ಹ್ಯಾಮ್ ಎಂಬ ಊರಿನ ಸಮನ್ವಯ ಕೇಂದ್ರದಲ್ಲಿ ಒಟ್ಟಿಗಿರುತ್ತಿದ್ದರು. ಹೀಗೆ ಒಂದು ಉತ್ಸವದ ನಿಮಿತ್ತದಿಂದ ನೆರೆಹೊರೆಯ ಅಧಿಕಾರಿಗಳು ಒಬ್ಬರನ್ನೊಬ್ಬರು ಮುಖತಃ ಅರಿತಿದ್ದರು.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. 2009ರಲ್ಲಿ ಆ ನಗರದಲ್ಲಿ ಸೇರಿದ ಸಮ್ಮೇಳನವೊಂದರಲ್ಲಿ ಭಾರತ, ಸ್ಪೇನ್, ಇಸ್ರೇಲ್, ಬ್ರಿಟನ್, ಪಾಕಿಸ್ತಾನಗಳ ವೈದ್ಯರು ತಮ್ಮ ನಗರಗಳಲ್ಲಿ ನಡೆದ ಭಯೋತ್ಪಾದಕ ದಾಳಿಗಳ ಅನುಭವವನ್ನು ಹೇಳಿದರು. ದೂರದ ನಾಡುಗಳ ನೋವು ಹೀಗೆ ಬಾಸ್ಟನ್ನಿನ ವೈದ್ಯರಿಗೆ ವಿದ್ಯೆಯಾಯಿತು. 2011 ಮತ್ತು 2012ರಲ್ಲಿ ಹಲವು ಇಲಾಖೆಗಳೂ ಆಸ್ಪತ್ರೆಗಳೂ ಕೂಡಿ ದೊಡ್ಡ ಪ್ರಮಾಣದ ಅಣಕು ಕಾರ್ಯಾಚರಣೆಗಳನ್ನು ನಡೆಸಿದವು. ಗಾಯಾಳುಗಳ ಪಾತ್ರವನ್ನು ಸ್ವಯಂಸೇವಕರು ವಹಿಸಿದರು. ತಾಲೀಮಿನಲ್ಲಿ ಆದ ತಪ್ಪುಗಳನ್ನು ಬರೆದಿಟ್ಟು ತಿದ್ದಿಕೊಂಡರು. ತಾಲೀಮಿನಲ್ಲಿ ತಪ್ಪಿದರೆ ಯಾರೂ ಸಾಯುವುದಿಲ್ಲ ಎಂಬುದೇ ಅದರ ದೊಡ್ಡ ಲಾಭ.

2013ರ ಏಪ್ರಿಲ್ 15, ಸೋಮವಾರ. ಮಧ್ಯಾಹ್ನ 2 ಗಂಟೆ 49 ನಿಮಿಷ. ವೇಗವಾಗಿ ಓಡಿದವರು ಗುರಿ ಮುಟ್ಟಿ ಬಹಳ ಹೊತ್ತಾಗಿತ್ತು. ಸಾಮಾನ್ಯ ಓಟಗಾರರು ಒಬ್ಬೊಬ್ಬರಾಗಿ ಬರುತ್ತಿದ್ದರು. ರಸ್ತೆಯ ಎರಡು ಬದಿಗಳಲ್ಲಿಯೂ ಜನರು ಕಿಕ್ಕಿರಿದು ನಿಂತಿದ್ದರು. ಗುರಿಯ ಗೆರೆಯ ಸಮೀಪದಲ್ಲಿ ಕೆಲವೇ ಸೆಕೆಂಡುಗಳ ಅಂತರದಲ್ಲಿ ಎರಡು ಬಾಂಬುಗಳು ಸಿಡಿದವು. ಎಂಟು ವರ್ಷದ ಬಾಲಕನೊಬ್ಬನೂ ಇಬ್ಬರು ಯುವತಿಯರೂ ಸ್ಥಳದಲ್ಲಿಯೇ ಅಸುನೀಗಿದರು. 260ಕ್ಕೂ ಹೆಚ್ಚು ಜನರು ಗಾಯಗೊಂಡರು. ಅನೇಕರ ಕಾಲುಗಳು ಛಿದ್ರವಾಗಿದ್ದವು. ಹಾಗಿದ್ದರೂ ಸ್ಥಳದಿಂದ ಜೀವಂತವಾಗಿ ಆಸ್ಪತ್ರೆಯನ್ನು ತಲುಪಿದ ಗಾಯಾಳುಗಳಲ್ಲಿ ಒಬ್ಬರೂ ಸಾಯಲಿಲ್ಲ. ಲೋಕವು ಬೆರಗಾದ ಈ ಸಂಗತಿ ಸಾಧ್ಯವಾದುದು ಹೇಗೆಂಬುದನ್ನು ವಿಚಾರಿಸಿ ನೋಡಬೇಕು.

ಮೊದಲ ಕಾರಣ, ಅಲ್ಲಿದ್ದ ಜನರು. ಓಡಿಹೋಗಬಹುದಾಗಿದ್ದ ಎಷ್ಟೋ ಮಂದಿ ಗಾಯಾಳುಗಳ ಬಳಿಗೆ ಓಡಿಬಂದರು. ನಡುಪಟ್ಟಿ, ಅಂಗಿ, ಕೈಗೆ ಸಿಕ್ಕ ಬಟ್ಟೆ ಯಾವುದಾದರೇನು, ಅದರಿಂದಲೇ ಗಾಯವನ್ನು ಬಿಗಿಯಾಗಿ ಒತ್ತಿ, ಕಟ್ಟಿ ರಕ್ತ ಹರಿಯುವುದನ್ನು ತಡೆದರು. ಎರಡನೆಯ ಕಾರಣ, ಗುರಿಯ ಗೆರೆಯ ಹತ್ತಿರವೇ ಇದ್ದ ವೈದ್ಯಕೀಯ ಡೇರೆ. ಬಳಲಿದ ಓಟಗಾರರ ಶುಶ್ರೂಷೆಗೆಂದು ಹಾಕಿದ್ದ ಆ ಡೇರೆಯ ವೈದ್ಯರೂ ದಾದಿಯರೂ ಕ್ಷಣಾರ್ಧದಲ್ಲಿ ಅದನ್ನು ಗಾಯಾಳುಗಳ ವಿಂಗಡಣೆಯ ಕೇಂದ್ರವನ್ನಾಗಿ ಮಾರ್ಪಡಿಸಿದರು. ವಿಂಗಡಣೆ ಎಂದರೆ ಯಾರನ್ನು ಮೊದಲು ಸಾಗಿಸಬೇಕೆಂಬ ನಿರ್ಣಯ. ತಕ್ಷಣ ಚಿಕಿತ್ಸೆಯಾಗದಿದ್ದರೆ ಸಾಯುವವರಿಗೆ ಕೆಂಪು ಗುರುತು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆದಾಡಬಲ್ಲವರಿಗೆ ಹಸಿರು. ಹೆಚ್ಚು ಕೂಗುವವನೇ ಹೆಚ್ಚು ಅಪಾಯದಲ್ಲಿರುವವನಲ್ಲ. ಸದ್ದಿಲ್ಲದೆ ಮಲಗಿರುವವನಿಗೆ ನೆರವು ಮೊದಲು ಬೇಕಾಗಿರಬಹುದು. ಈ ವಿವೇಕವು ಗದ್ದಲದ ನಡುವೆ ಹೊಳೆಯುವಂತಹುದಲ್ಲ, ಅಭ್ಯಾಸದಿಂದ ಬರತಕ್ಕದ್ದು.

ಮೂರನೆಯ ಕಾರಣ, ಸಾಗಣೆಯ ವ್ಯವಸ್ಥೆ. ಆಂಬುಲೆನ್ಸುಗಳ ಮೇಲ್ವಿಚಾರಕರು ಮ್ಯಾಡ್ರಿಡ್ಡಿನ ಪಾಠವನ್ನು ಮರೆತಿರಲಿಲ್ಲ. ಎಲ್ಲರನ್ನೂ ಒಂದೇ ಆಸ್ಪತ್ರೆಗೆ ತುಂಬದೆ, ತೀವ್ರ ಗಾಯಗಳಿಗೆ ಚಿಕಿತ್ಸೆ ನೀಡಬಲ್ಲ ಹಲವು ಆಸ್ಪತ್ರೆಗಳಿಗೆ ಸಮನಾಗಿ ಹಂಚಿದರು. ಚಿಕ್ಕ ಮಕ್ಕಳನ್ನು ಮಕ್ಕಳ ಆಸ್ಪತ್ರೆಗೂ ಕಳುಹಿಸಿದರು. ಸುಮಾರು ಒಂದು ಗಂಟೆಯೊಳಗೆ ಸ್ಥಳದಲ್ಲಿ ಸಾಗಿಸಬೇಕಾದ ಗಾಯಾಳುಗಳೇ ಉಳಿದಿರಲಿಲ್ಲ. ಅತ್ತ ಆಸ್ಪತ್ರೆಗಳಲ್ಲಿ ಸುದ್ದಿ ಬಂದ ಕೂಡಲೇ ತುರ್ತು ಕೊಠಡಿಗಳನ್ನು ತೆರವು ಮಾಡಿ, ಶಸ್ತ್ರವೈದ್ಯರು ಬಾಗಿಲಲ್ಲಿಯೇ ಕಾದಿದ್ದರು. ಮೊಬೈಲ್ ಫೋನುಗಳ ಜಾಲ ವಿಪರೀತ ಬಳಕೆಯಿಂದ ಸ್ತಬ್ಧಪ್ರಾಯವಾದರೂ ಇಲಾಖೆಗಳ ನಡುವಣ ನಿಸ್ತಂತು ಸಂಪರ್ಕ ಕಡಿಯಲಿಲ್ಲ. ಇನ್ನೂ ದಾರಿಯಲ್ಲಿದ್ದ ಐದು ಸಾವಿರಕ್ಕೂ ಹೆಚ್ಚು ಓಟಗಾರರನ್ನು ಅಲ್ಲಲ್ಲಿಯೇ ತಡೆದು ನಿಲ್ಲಿಸಲಾಯಿತು.

ಅದೃಷ್ಟದ ಪಾಲೂ ಇಲ್ಲದಿರಲಿಲ್ಲ. ಅಂದು ಆ ರಾಜ್ಯದಲ್ಲಿ ಸಾರ್ವತ್ರಿಕ ರಜೆಯಾಗಿದ್ದುದರಿಂದ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಎಂದಿನ ಒತ್ತಡವಿರಲಿಲ್ಲ. ಆಸ್ಪತ್ರೆಗಳಲ್ಲಿ ಮೂರು ಗಂಟೆಗೆ ಪಾಳಿ ಬದಲಾಗುವ ಸಮಯ ಸಮೀಪಿಸಿದ್ದುದರಿಂದ ಎರಡು ಪಾಳಿಗಳ ಸಿಬ್ಬಂದಿಯೂ ದೊರೆತರು. ಆದರೆ ಅದೃಷ್ಟವು ಬಾಗಿಲು ತಟ್ಟಿದಾಗ ಒಳಗೆ ಸಿದ್ಧರಾಗಿ ಕುಳಿತವರಿಗೆ ಮಾತ್ರ ಅದರಿಂದ ಪ್ರಯೋಜನ. ತಾಲೀಮಿಲ್ಲದ ಸಿಬ್ಬಂದಿ ಇಮ್ಮಡಿಯಾಗಿದ್ದರೆ ಗೊಂದಲವೂ ಇಮ್ಮಡಿಯಾಗುತ್ತಿತ್ತು.

ಕುಂದುಗಳನ್ನು ಮರೆಮಾಚದೆ ದಾಖಲಿಸಿದುದು ಬಾಸ್ಟನ್ನಿನವರ ಇನ್ನೊಂದು ಗುಣ. ಪ್ರಜ್ಞೆಯಿಲ್ಲದೆ ಬಂದ ಗಾಯಾಳುಗಳ ಗುರುತು ಹಿಡಿಯುವುದು ಆಸ್ಪತ್ರೆಗಳಿಗೆ ಕಷ್ಟವಾಯಿತು. ಬಂಧುಗಳು ತಮ್ಮವರನ್ನು ಹುಡುಕುತ್ತ ಅಲೆದರು. ನಾಲ್ಕು ದಿನಗಳ ಬಳಿಕ ನೆರೆಯ ವಾಟರ್‌ಟೌನ್ ಎಂಬ ಊರಿನಲ್ಲಿ ಆರೋಪಿಗಳೊಡನೆ ಗುಂಡಿನ ಕಾಳಗ ನಡೆದಾಗ, ಯಾರೂ ಕರೆಯದೆ ತಾವಾಗಿಯೇ ಧಾವಿಸಿದ ಪೊಲೀಸರ ಸಂಖ್ಯೆ ಮಿತಿಮೀರಿ, ತಮ್ಮವರ ಗುಂಡಿಗೆ ತಮ್ಮವರೇ ಸಿಲುಕುವ ಅಪಾಯವುಂಟಾಯಿತು. ಕರೆಯದೆ ಬಂದ ನೆರವು ಕೆಲವೊಮ್ಮೆ ಹೊಸ ಆಪತ್ತಾದೀತು ಎಂಬುದಕ್ಕೆ ಇದು ನಿದರ್ಶನ. ಇನ್ನೊಂದು ಅನ್ಯಾಯವೂ ಆಗ ನಡೆಯಿತು. ಅಂತರಜಾಲದಲ್ಲಿ ಕೆಲವರು ಚಿತ್ರಗಳನ್ನು ತಾವೇ ಹೋಲಿಸಿ ನೋಡಿ, ನಿರಪರಾಧಿಯಾದ ವಿದ್ಯಾರ್ಥಿಯೊಬ್ಬನನ್ನು ಅಪರಾಧಿಯೆಂದು ಸಾರಿದರು. ಮನೆಯಿಂದ ಕಾಣೆಯಾಗಿದ್ದ ಆ ಯುವಕನಿಗಾಗಿ ಮೊದಲೇ ಪರಿತಪಿಸುತ್ತಿದ್ದ ಕುಟುಂಬವು ಈ ಸುಳ್ಳಿನಿಂದ ಪಟ್ಟ ಯಾತನೆ ಅಷ್ಟಿಷ್ಟಲ್ಲ. ಬಾಂಬು ಇಟ್ಟವನು ಬಯಸಿದ ಸಂಶಯವನ್ನು ಬಾಂಬಿಗೂ ಸಂಬಂಧವಿಲ್ಲದವರೇ ಹರಡಿದಂತಾಯಿತು.

ಇಂತಹ ವಿಚಾರಗಳು ನಮ್ಮ ದೇಶಕ್ಕೆ ಹೊರಗಿನವಲ್ಲ. 1993ರ ಮಾರ್ಚ್ 12ರ ಸ್ಫೋಟಗಳಲ್ಲಿ ಮುಂಬಯಿಯ 257 ಜನರು ಬಲಿಯಾದರು. 2006ರ ಜುಲೈ 11ರ ಸಂಜೆ ಅದೇ ನಗರದ ಲೋಕಲ್ ರೈಲುಗಳಲ್ಲಿ ಹನ್ನೊಂದು ನಿಮಿಷಗಳ ಅವಧಿಯಲ್ಲಿ ಏಳು ಬಾಂಬುಗಳು ಸಿಡಿದಾಗ, ಹಳಿಗಳ ಪಕ್ಕದ ಬಡಾವಣೆಗಳ ಬಡಜನರು ತಮ್ಮ ಹೊದಿಕೆಗಳಲ್ಲಿಯೇ ಗಾಯಾಳುಗಳನ್ನು ಹೊತ್ತು ಸಾಗಿಸಿದರು. ಬೆಂಗಳೂರು ಕೂಡ 2008ರ ಜುಲೈ 25ರಂದು ಸರಣಿ ಸ್ಫೋಟಗಳನ್ನೂ, 2024ರ ಮಾರ್ಚ್ 1ರಂದು ಉಪಾಹಾರ ಗೃಹವೊಂದರಲ್ಲಿ ಸ್ಫೋಟವನ್ನೂ ಕಂಡಿದೆ. ನಮ್ಮ ಜನರಲ್ಲಿ ಕರುಣೆಗೆ ಕೊರತೆಯಿಲ್ಲ. ಆ ಕರುಣೆಗೆ ಕ್ರಮವನ್ನು ಒದಗಿಸುವ ಕೆಲಸ ಆಗಬೇಕಾಗಿದೆ.

ಅದಕ್ಕೆ ಬೇಕಾದ ಶಾಸನಬಲವು ನಮ್ಮಲ್ಲಿ ಉಂಟು. 2005ರ ವಿಪತ್ತು ನಿರ್ವಹಣಾ ಅಧಿನಿಯಮವು ಪ್ರಕೃತಿಯಿಂದ ಬರುವ ಆಪತ್ತನ್ನಷ್ಟೇ ಅಲ್ಲದೆ ಮನುಷ್ಯನಿಂದ ಆಗುವ ಆಪತ್ತನ್ನೂ ವಿಪತ್ತೆಂದು ಪರಿಗಣಿಸುತ್ತದೆ. ಅದರಂತೆ ಪ್ರತಿಯೊಂದು ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವೂ, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕಾದ ಒಂದು ಯೋಜನೆಯೂ ಇರತಕ್ಕದ್ದು. 2006ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ರೂಪುಗೊಂಡಿತು. ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನಿಂದ ಹುಟ್ಟಿದ ಆಜ್ಞಾಕ್ರಮವನ್ನು ನಮ್ಮ ಆಡಳಿತಕ್ಕೆ ಹೊಂದಿಸಿ ರಚಿಸಿದ ಮಾರ್ಗಸೂಚಿಯನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಹೊರಡಿಸಿತು. ಗೃಹರಕ್ಷಕ ದಳವೂ ನಾಗರಿಕ ರಕ್ಷಣಾ ಪಡೆಯೂ ನೆರವಿಗೆ ಇವೆ. ತುರ್ತು ಕರೆಗೆ 112, ಆಂಬುಲೆನ್ಸಿಗೆ 108 ಎಂಬ ಸಂಖ್ಯೆಗಳು ಮಕ್ಕಳಿಗೂ ಪರಿಚಿತ.

ಆದರೆ ಯೋಜನೆ ಕಪಾಟಿನಲ್ಲಿ ಉಳಿದರೆ ಅದು ಬರಿಯ ಕಾಗದ. ವರ್ಗವಾಗಿ ಹೋದ ಅಧಿಕಾರಿಯ ದೂರವಾಣಿ ಸಂಖ್ಯೆ ಪಟ್ಟಿಯಲ್ಲಿ ಹಾಗೆಯೇ ಉಳಿದಿದ್ದರೆ, ಕೆಟ್ಟು ನಿಂತ ಜನರೇಟರ್ ಲೆಕ್ಕದಲ್ಲಿ ಸುಸ್ಥಿತಿಯಲ್ಲಿದ್ದರೆ, ತಾಲೀಮು ಛಾಯಾಚಿತ್ರಕ್ಕಾಗಿ ನಡೆಯುವ ಸಮಾರಂಭವಾದರೆ, ಆಪತ್ತಿನ ದಿನ ಅದರ ಬೆಲೆಯನ್ನು ತೆರುವವರು ಗಾಯಾಳುಗಳು. ಯೋಜನೆಯು ಜಿಲ್ಲೆಯ ಗಡಿಯನ್ನೂ ಮೀರಿ ನೋಡಬೇಕು. ಕಾಸರಗೋಡಿನ ರೋಗಿ ಮಂಗಳೂರಿನ ಆಸ್ಪತ್ರೆಗೆ ಬರುತ್ತಾನೆ. ಹೊಸೂರಿನವನು ಬೆಂಗಳೂರಿಗೆ ಬರುತ್ತಾನೆ. ಗಾಯಕ್ಕೆ ರಾಜ್ಯದ ಗಡಿ ತಿಳಿಯದು. ಜಾತ್ರೆ, ದಸರೆಯಂತಹ ಉತ್ಸವಗಳು ನಮ್ಮಲ್ಲಿ ಹೇರಳವಾಗಿವೆ. ಬಾಸ್ಟನ್ನಿನವರು ಓಟವನ್ನು ಸಿದ್ಧತೆಯ ಸಂದರ್ಭವನ್ನಾಗಿ ಮಾಡಿಕೊಂಡಂತೆ, ಪ್ರತಿಯೊಂದು ಜಾತ್ರೆಯನ್ನೂ ನೆರೆಯ ತಾಲ್ಲೂಕುಗಳ ಪೊಲೀಸರು, ವೈದ್ಯರು, ಅಗ್ನಿಶಾಮಕ ಸಿಬ್ಬಂದಿ ಒಟ್ಟಿಗೆ ಕುಳಿತು ಪರಿಚಯ ಮಾಡಿಕೊಳ್ಳುವ ಅವಕಾಶವನ್ನಾಗಿ ಮಾಡಿಕೊಳ್ಳಬಹುದು.

ಈ ಕಾರ್ಯದಲ್ಲಿ ನಾಗರಿಕನ ಕರ್ತವ್ಯ ಸಣ್ಣದಲ್ಲ. ವಾರಸುದಾರರಿಲ್ಲದ ಚೀಲವನ್ನೋ ಪೆಟ್ಟಿಗೆಯನ್ನೋ ಕಂಡರೆ ಮುಟ್ಟದೆ, ಇತರರನ್ನೂ ದೂರ ಸರಿಸಿ ಪೊಲೀಸರಿಗೆ ತಿಳಿಸಬೇಕು. ದುರ್ಘಟನೆ ನಡೆದಲ್ಲಿ ಕುತೂಹಲದಿಂದ ಗುಂಪುಗೂಡದೆ ಆಂಬುಲೆನ್ಸಿಗೆ ದಾರಿ ಬಿಡಬೇಕು. ರಕ್ತ ಹರಿಯುವ ಗಾಯವನ್ನು ಶುಚಿಯಾದ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯುವ ಪ್ರಥಮ ಚಿಕಿತ್ಸೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯಬಹುದು. ಬಾಸ್ಟನ್ನಿನ ಘಟನೆಯ ಬಳಿಕ, 2015ರಲ್ಲಿ, ಅಮೆರಿಕದಲ್ಲಿ ಇದನ್ನು ಜನಸಾಮಾನ್ಯರಿಗೆ ಕಲಿಸುವ ಆಂದೋಲನವೇ ಆರಂಭವಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ನಿಶ್ಚಯವಾಗಿ ತಿಳಿಯದ ಸುದ್ದಿಯನ್ನು ಹರಡಬಾರದು. ಒಬ್ಬನ ಹೆಸರನ್ನೋ ಉಡುಪನ್ನೋ ಧರ್ಮವನ್ನೋ ನೋಡಿ ಅವನನ್ನು ಅಪರಾಧಿಯೆಂದು ಎಣಿಸಬಾರದು.

ಬಾಂಬಿನ ಶಬ್ದ ಒಂದು ಕ್ಷಣದ್ದು. ಅದು ಹುಟ್ಟಿಸುವ ಅವಿಶ್ವಾಸವು ತಡೆಯದಿದ್ದರೆ ತಲೆಮಾರುಗಳವರೆಗೆ ಉಳಿಯಬಲ್ಲದು. ನೆರೆಯ ಊರು ನೆರವಿಗೆ ಬರುವುದೆಂಬ, ಆಸ್ಪತ್ರೆಯ ಬಾಗಿಲು ತೆರೆದಿರುವುದೆಂಬ, ಅಪರಿಚಿತನೂ ತನ್ನ ಗಾಯಕ್ಕೆ ಬಟ್ಟೆ ಕಟ್ಟುವನೆಂಬ ನಂಬಿಕೆ ಜನರಲ್ಲಿ ದೃಢವಾಗಿರುವ ನಾಡಿನಲ್ಲಿ ಭಯೋತ್ಪಾದಕನ ಉದ್ದೇಶ ಈಡೇರುವುದಿಲ್ಲ. ಆ ನಂಬಿಕೆಯನ್ನು ಆಪತ್ತಿನ ದಿನ ಹೊಸದಾಗಿ ಕಟ್ಟಲಾಗದು. ಅದನ್ನು ಕಟ್ಟಬೇಕಾದುದು ಏನೂ ನಡೆಯದ ಈ ಸಾಮಾನ್ಯ ದಿನಗಳಲ್ಲಿ.